ಬೆಣ್ಣೆ ದೋಸೆ ಬಿಟ್ಟು ದಾವಣಗೆರೆಯಲ್ಲಿ ಏನಿದೆ? ಬಲ್ಲವರು ಹೇಳಿ

ಕೇಳಿದವರು:
ನಮಸ್ಕಾರ. ಮಂಗಳೂರಿನಿಂದ ವರ್ಗವಾಗಿ ದಾವಣಗೆರೆಗೆ ಬಂದಿದ್ದೇನೆ, ವಿದ್ಯಾನಗರದಲ್ಲಿ ಬಾಡಿಗೆ ಮನೆ. ಮುಂದಿನ ತಿಂಗಳು ಹೆಂಡತಿ, ಇಬ್ಬರು ಮಕ್ಕಳು ಮತ್ತು ಸಕ್ಕರೆ ಕಾಯಿಲೆಯಿರುವ ಅಮ್ಮ ಬರುತ್ತಾರೆ. ಆಫೀಸಿನಲ್ಲಿ ಯಾರನ್ನು ಕೇಳಿದರೂ "ಬೆಣ್ಣೆ ದೋಸೆ ತಿನ್ರಿ ಸಾರ್" ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ದಿನಾ ಅದನ್ನೇ ತಿನ್ನಲು ಆಗುತ್ತದೆಯೇ? ಊಟಕ್ಕೆ, ಸಂಜೆ ತಿಂಡಿಗೆ, ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಲು ಏನೇನಿದೆ? ಮತ್ತೆ ಮೀನು ಸಿಗುತ್ತದೆಯೇ? ನಗಬೇಡಿ.

ಚೌಕಿಪೇಟೆಯವರು:
ನಗಲ್ಲ ಬಿಡ್ರಿ ಸಾರ್. ಮೀನಿನ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲು ಒಂದು ಮಾತು. ನಮ್ಮೂರಿಗೆ ಬಂದೋರೆಲ್ಲ ಹೋಟೆಲ್ ಹೆಸರು ಕೇಳ್ತಾರೆ. ನಾನಾದ್ರೆ ಹೊತ್ತು ಕೇಳ್ರಿ ಅಂತೀನಿ. ಇದು ಹತ್ತಿ ಗಿರಣಿ ಮತ್ತು ಮಂಡಿ ವ್ಯಾಪಾರದ ಊರು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ರು. ಗಿರಣಿಗಳು ಮುಚ್ಚಿದ್ವು, ಆದ್ರೆ ಪಾಳಿ ಮುಗಿಸಿ ಬಂದೋರ ಹಸಿವಿನ ಟೈಮು ಊರಿನ ಬಾಯಲ್ಲಿ ಹಂಗೇ ಉಳಕೊಂಡೈತಿ ಅಂತ ನನ್ನ ಲೆಕ್ಕ. ಬೆಳಿಗ್ಗೆ ದೋಸೆ, ಮಧ್ಯಾಹ್ನ ರೊಟ್ಟಿ, ಸಂಜೆ ಮಂಡಕ್ಕಿ. ಇದನ್ನ ಆಚೀಚೆ ಮಾಡಿದ್ರೆ ಒಳ್ಳೆ ಹೋಟೆಲಲ್ಲೂ ಕೆಟ್ಟ ತಿಂಡಿ ಸಿಗುತ್ತೆ. ಮಧ್ಯಾಹ್ನ ಮೂರು ಗಂಟೆಗೆ ಬಸ್ ಇಳಿದು ದೋಸೆ ತಿಂದು "ಏನ್ ಮಹಾ ಇದು" ಅಂತ ಬರೆಯೋರನ್ನ ನೋಡಿದ್ರೆ ನನಗೆ ಸಿಟ್ಟು ಬರುತ್ತೆ. ಆ ಹೊತ್ತಿಗೆ ಒಲೆ ಆರಿರುತ್ತೆ, ಹಿಟ್ಟು ಹುಳಿ ಬಂದಿರುತ್ತೆ, ಹುಯ್ಯೋನಿಗೂ ಸಾಕಾಗಿರುತ್ತೆ.

ದೋಸೆ ಬಗ್ಗೆ ಎಲ್ಲರೂ ಹೇಳ್ತಾರೆ, ನಾನೂ ಹೇಳಿಬಿಡ್ತೀನಿ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನ ಕಟ್ಟಿಕೊಂಡು ಬಂದ ಚೆನ್ನಮ್ಮ ಅನ್ನೋರು ಸವಳಗಿ ನಾಟಕ ಥಿಯೇಟರ್ ಹತ್ರ ರಾಗಿ ಹಿಟ್ಟಿನ ದೋಸೆ ಹುಯ್ತಿದ್ರು ಅಂತ ಊರಲ್ಲಿ ಹೇಳ್ತಾರೆ. ಹತ್ತು ವರ್ಷ ಕಳೆಯೋದ್ರೊಳಗೆ ರಾಗಿ ಹೋಗಿ ಅಕ್ಕಿ, ಉದ್ದು, ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟು ಬಂತು. 1944ರಲ್ಲಿ ಮಗ ಶಾಂತಪ್ಪ ವಸಂತ ಟಾಕೀಸ್ ಹತ್ರ ಹೋಟೆಲ್ಲೇ ಮಾಡಿದ್ರು. ಆ ಹಿಟ್ಟಿಗೆ ಬಿದ್ದ ಮಂಡಕ್ಕಿನೇ ಗುಟ್ಟು. ದೋಸೆ ಹೊರಗೆ ಗರಿಗರಿ ಆಗಿ ಒಳಗೆ ಮೆತ್ತಗೆ ಉಳಿಯೋದು ಅದರಿಂದ.

ಬೆಣ್ಣೆ ದೋಸೆ, ಓಪನ್ ದೋಸೆ, ಖಾಲಿ ಅಂತ ಕೇಳಬಹುದು. ಜೊತೆಗೆ ಅರಿಶಿನ ಹಾಕದ ಬಿಳೀ ಆಲೂಗಡ್ಡೆ ಪಲ್ಯ, ತೆಳ್ಳನೆ ಕಾಯಿ ಚಟ್ನಿ. ಸಾಂಬಾರ್ ಕೇಳಬೇಡಿ, ಕೊಡಲ್ಲ, ಕೊಟ್ರೆ ಆ ಹೋಟೆಲಿಗೆ ಎರಡನೇ ಸಲ ಹೋಗಬೇಡಿ. ಒಬ್ಬರಿಗೆ ಒಂದೊಂದೇ ಹೇಳ್ರಿ, ತಿಂದಾದ ಮೇಲೆ ಇನ್ನೊಂದು. ನಾಲ್ಕು ಒಟ್ಟಿಗೆ ತರಿಸಿಕೊಂಡು ಫೋಟೊ ತೆಗೆಯೋ ಹೊತ್ತಿಗೆ ಬೆಣ್ಣೆ ಆರಿರುತ್ತೆ. ಪಾರ್ಸಲ್ ಅಂತೂ ಬೇಡವೇ ಬೇಡ. ಬೆಣ್ಣೆ ನಿಜದ್ದಾ ಅಂತ ಗೊತ್ತಾಗಬೇಕಾದ್ರೆ ತಿಂದು ಹತ್ತು ನಿಮಿಷ ಆದ ಮೇಲೆ ನಿಮ್ಮ ಅಂಗುಳವನ್ನೇ ಕೇಳ್ರಿ. ಜಿಡ್ಡು ಅಲ್ಲೇ ಅಂಟಿಕೊಂಡು ಕೂತಿದ್ರೆ ಅದು ಡಾಲ್ಡಾ. ಹೊಗೆ ಹಿಡಿದ ಗೋಡೆ, ಸೌದೆ ಒಲೆ, ಚಿಕ್ಕ ಜಾಗ, ನಿಂತು ಕಾಯೋ ಜನ, ಇಷ್ಟು ಇದ್ರೆ ನಂಬಿ ಒಳಗೆ ಹೋಗಬಹುದು. ಕೊಟ್ಟೂರೇಶ್ವರ ಅನ್ನೋ ಹೆಸರಿನ ಹೋಟೆಲುಗಳೇ ಊರ ತುಂಬ ಅದಾವೆ, ಹಳೇದು ಯಾವುದು ಹೊಸದು ಯಾವುದು ಅನ್ನೋ ಜಗಳಕ್ಕೆ ನಾನು ಬರಲ್ಲ.

ಆದ್ರೆ ಸಾರ್, ದೋಸೆ ನೆಂಟರು ಬಂದಾಗಿನ ತಿಂಡಿ. ನಮ್ಮ ದಿನದ ತಿಂಡಿ ಮಂಡಕ್ಕಿ–ಮೆಣಸಿನಕಾಯಿ. ಭದ್ರಾ ನಾಲೆ ನೀರು ಬಂದ ಮೇಲೆ ಈ ಕಡೆ ಭತ್ತದ ಬೆಳೆ ಹೆಚ್ಚಾಯ್ತು, ಮಂಡಕ್ಕಿ ಭಟ್ಟಿಗಳಿಗೂ ಕೆಲಸ ಸಿಕ್ತು. ಭತ್ತ ನೆನೆಸಿ, ಕಾಯಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಕಾದ ಮರಳಲ್ಲಿ ಹುರಿದು ಅರಳಿಸೋ ಕೆಲಸ ಅದು. ಬೇಸಿಗೇಲಿ ಆ ಭಟ್ಟಿ ಮುಂದೆ ನಿಲ್ಲೋರಿಗೆ ಒಂದು ನಮಸ್ಕಾರ ಹೇಳಬೇಕು. ಚೀಲಗಟ್ಟಲೆ ಹೊರ ಊರಿಗೆ ಹೋಗುತ್ತೆ, ಉಳಿದದ್ದು ಸಂಜೆ ಐದು ಗಂಟೆಗೆ ನಮ್ಮ ಹೊಟ್ಟೆಗೆ.

ನೆನೆಸಿ ಹಿಂಡಿ ಒಗ್ಗರಣೆ ಹಾಕಿದ್ದು ಒಂದು ಬಗೆ. ಒಣದು ಖಾರ ಮಂಡಕ್ಕಿ, ಅದರಲ್ಲೇ ನರ್ಗೀಸ್ ಅಂತ ಇನ್ನೊಂದು. ಎಲ್ಲದರ ಪಕ್ಕ ಕಡಲೆಹಿಟ್ಟಲ್ಲಿ ಅದ್ದಿ ಕರಿದ ಉದ್ದನೆ ಮೆಣಸಿನಕಾಯಿ, ಹೆಚ್ಚಿದ ಈರುಳ್ಳಿ. ಬಾಣಲೆಯಿಂದ ತೆಗೆದದ್ದನ್ನೇ ಕೊಡ್ರಿ ಅಂತ ಕೇಳೋದಕ್ಕೆ ನಾಚಿಕೆ ಬೇಡ. ಮೊದಲೇ ಕರಿದು ರಾಶಿ ಹಾಕಿದ ಗಾಡಿ ಮುಂದೆ ನಿಲ್ಲಬೇಡಿ. ಇದಕ್ಕೆ ಹೋಟೆಲೇ ಬೇಕು ಅಂತಿಲ್ಲ, ಹಳೇ ಪೇಟೆ ಓಣಿಗಳಲ್ಲಿ ಗಾಡಿ, ಚಿಕ್ಕ ಅಂಗಡಿ ಎಲ್ಲ ಕಡೆ ಅದಾವೆ.

ಮಧ್ಯಾಹ್ನದ ಊಟಕ್ಕೆ ಖಾನಾವಳಿ. ತೆಂಕಣದ ಮುದ್ದೆ, ಬಡಗಣದ ಜೋಳದ ರೊಟ್ಟಿ ಎರಡೂ ಸೇರೋ ಊರಿದು. ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೊಸರು, ಕೊನೆಗೆ ಒಂದಿಷ್ಟು ಅನ್ನ ಸಾರು. ಒಂದು ಗಂಟೆ ಒಳಗೆ ಹೋದ್ರೆ ಬಿಸಿ ರೊಟ್ಟಿ, ಎರಡೂವರೆ ಮೇಲೆ ಹೋದ್ರೆ ಕಟಿ ರೊಟ್ಟಿ, ಅಂದ್ರೆ ಒಣಗಿ ಗಟ್ಟಿಯಾದದ್ದು. ಖಾರ ಕಮ್ಮಿ ಅಂತ ಮೊದಲೇ ಹೇಳ್ರಿ, ಮಂಗಳೂರಿನ ಖಾರ ಬೇರೆ, ಇದು ಬೇರೆ.

ವಿದ್ಯಾನಗರದ ಗೃಹಿಣಿ:
ಅಣ್ಣ ಹೇಳಿದ್ದೆಲ್ಲ ಪೇಟೆ ಗಂಡಸರ ಪಟ್ಟಿ. ಮನೆಮಂದಿ ಜೊತೆ ಹೋಗೋರಿಗೆ ನಾನು ಹೇಳ್ತೀನಿ.

ನಿಮ್ಮ ಅಮ್ಮನವರಿಗೆ ದೋಸೆ ಬೇಡವೇ ಬೇಡ ಅಂತ ತಡೀಬೇಡಿ, ಪಾಪ. ಒಂದು ಖಾಲಿ ದೋಸೆ ಕೊಡಿಸಿ, ಪಲ್ಯ ಬೇಡ ಅನ್ನಿ. ಇಲ್ಲಾಂದ್ರೆ ಪಡ್ಡು. ಇಲ್ಲಿ ದೋಸೆ ಹೋಟೆಲಲ್ಲೇ ಪಡ್ಡು ಸಿಗುತ್ತೆ, ಅದಕ್ಕೂ ಬೆಣ್ಣೆ ಸುರಿಯೋಕೆ ಬರ್ತಾರೆ, ಕೈ ಅಡ್ಡ ಹಿಡೀರಿ. ಮಧ್ಯಾಹ್ನ ರೊಟ್ಟಿ ಸೊಪ್ಪಿನ ಪಲ್ಯ ಅವರಿಗೆ ಹಿಡಿಸಬಹುದು. ಹಲ್ಲು ಗಟ್ಟಿ ಇಲ್ಲದಿದ್ರೆ ಬಿಸಿ ರೊಟ್ಟಿನೇ ಕೇಳಿ.

ಮಕ್ಕಳಿಗೆ ಕುಂದುವಾಡ ಕೆರೆ ಮತ್ತು ಪಕ್ಕದ ಗಾಜಿನ ಮನೆ. ಕೆರೆ ಏರಿ ಮೇಲೆ ಬೆಳಿಗ್ಗೆ ನಡೆಯೋಕೆ ಊರಿಗೆ ಊರೇ ಬರುತ್ತೆ. ಊರಿಗೆ ಕುಡಿಯೋ ನೀರು ಕೊಡೋ ಕೆರೆ ಅದು, ತಿಂಡಿ ಕವರು ಬಿಸಾಡಬೇಡಿ ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡಿ. ಗಾಜಿನ ಮನೆಗೆ ಸಂಜೆ ಹೋಗಿ. ಏಪ್ರಿಲ್ ಮಧ್ಯಾಹ್ನ ಹೋದ್ರೆ ನೀವೇ ಬೆಂದು ಹೋಗ್ತೀರಿ. ಭಾನುವಾರ ಗಿಜಿಗಿಜಿ, ಆಗೋದಾದ್ರೆ ವಾರದ ನಡುವೆ ಒಂದು ಸಂಜೆ ಬಿಡುವು ಮಾಡಿಕೊಳ್ಳಿ.

ಇನ್ನೊಂದು. ಬೆಣ್ಣೆ ದೋಸೆ ಮನೇಲಿ ಮಾಡ್ತೀನಿ ಅಂತ ನಿಮ್ಮ ಮನೆಯವರು ಹೊರಟ್ರೆ ಬೇಡ ಅನ್ನಿ. ಗ್ಯಾಸ್ ಒಲೇಲಿ ಆ ಕಾವು ಬರಲ್ಲ, ಹೋಟೆಲಿನ ದಪ್ಪ ಕಾವಲಿಯೂ ನಮ್ಮ ಹತ್ರ ಇರಲ್ಲ. ಅವರ ನೀರುದೋಸೆ ಮಾಡಿ ಪಕ್ಕದ ಮನೆಗೆ ಕೊಟ್ಟು ಕಳಿಸಿದ್ರೆ ವಾರದೊಳಗೆ ಎಲ್ಲರೂ ಪರಿಚಯ ಆಗ್ತಾರೆ.

ಹಳೇ ಹಾಸ್ಟೆಲಿಗ:
ಜೆಜೆಎಂ ಮೆಡಿಕಲ್ ಕಾಲೇಜಲ್ಲಿ ಓದಿದೋನು, ಈಗ ಬೆಂಗಳೂರಲ್ಲಿದ್ದೀನಿ. ಇಲ್ಲಿ ಗಲ್ಲಿಗೊಂದು "ದಾವಣಗೆರೆ ಬೆಣ್ಣೆ ದೋಸೆ" ಬೋರ್ಡು, ಅರ್ಧಕ್ಕರ್ಧ ಜನ ಸಾಂಬಾರ್ ಕೊಡ್ತಾರೆ. ಚೌಕಿಪೇಟೆ ಅಣ್ಣ ಬಂದ್ರೆ ಜಗಳ ಗ್ಯಾರಂಟಿ.

ರಾಮ್ ಅಂಡ್ ಕೋ ಸರ್ಕಲ್ ಯಾರೂ ಹೇಳಲೇ ಇಲ್ವಲ್ಲ! ಪಿ.ಜೆ. ಬಡಾವಣೆ. ಕತ್ತಲಾದ ಮೇಲೆ ಹೋಗಿ, ಹುಡುಗರ ಜಾತ್ರೆ. ಪಾನಿಪುರಿ, ಗೋಬಿ, ಎಗ್ ರೈಸ್, ಜ್ಯೂಸು, ಐಸ್‌ಕ್ರೀಮು. ಇದರಲ್ಲಿ ದಾವಣಗೆರೆಯದ್ದು ಅನ್ನೋ ತಿಂಡಿ ಕಮ್ಮಿ, ಒಪ್ತೀನಿ. ಆದ್ರೆ ನಿಮ್ಮ ಮಕ್ಕಳು ಖಾನಾವಳಿ ರೊಟ್ಟಿಗಿಂತ ಇಲ್ಲಿಗೇ ಬರ್ತೀವಿ ಅನ್ನೋದು ಖಂಡಿತ. ಗಾಡಿ ಸ್ವಲ್ಪ ದೂರ ನಿಲ್ಲಿಸಿ ನಡೆದು ಬನ್ನಿ.

ಚೌಕಿಪೇಟೆಯವರು:
ಡಾಕ್ಟ್ರೇ, ಎಗ್ ರೈಸ್ ತಿನ್ನೋಕೆ ದಾವಣಗೆರೆಗೆ ಯಾಕೆ ಬರಬೇಕು ಹೇಳ್ರಿ. ಆದ್ರೂ ಮಕ್ಕಳ ವಿಷಯದಲ್ಲಿ ನೀವು ಹೇಳಿದ್ದೇ ಸರಿ ಇರಬಹುದು.

ಕುಡಿಯೋದರ ಬಗ್ಗೆ ಹೇಳಿಲ್ಲ. ಬಿಸಿಲಿಗೆ ಮಜ್ಜಿಗೆ, ಕಬ್ಬಿನ ಹಾಲು, ನಿಂಬೆ ಸೋಡ. ಚಾ ಅಂದ್ರೆ ಬೈಟೂ, ಮಂಡಿ ಹತ್ರ ಎಷ್ಟು ಹೊತ್ತಿಗೂ ಸಿಗುತ್ತೆ. ಕಾಫಿ ಬಗ್ಗೆ ಮಂಗಳೂರಿಂದ ಬಂದೋರ ಮುಂದೆ ನಾನು ಬಾಯಿ ಬಿಡಲ್ಲ. ಸಂಜೆ ಬಿಸಿ ಬಾದಾಮಿ ಹಾಲು ಮಾರೋ ಗಾಡಿ ಕಂಡ್ರೆ ಬಿಡಬೇಡಿ. "ಆ ಕುಡಿಯೋದು" ಬೇಕಾದ್ರೆ ಬಾರುಗಳಿಗೇನೂ ಬರ ಇಲ್ಲ, ಮನೆಮಂದಿ ಜೊತೆ ಕೂರೋ ಹಂಗಿರೋದು ಹೆದ್ದಾರಿ ಕಡೆ ದೊಡ್ಡ ಹೋಟೆಲುಗಳಲ್ಲಿ ಮಾತ್ರ.

ಈಗ ಮೀನು. ಸಿಗುತ್ತೆ. ಕೆರೆ ಮೀನು, ಹೊಳೆ ಮೀನು, ಕಾಟ್ಲಾ, ರೋಹು. ಸಮುದ್ರದ ಮೀನು ಐಸಲ್ಲಿ ಕೂತು ನಿಮ್ಮೂರ ಕಡೆಯಿಂದಲೇ ಬರುತ್ತೆ, ನಿಮಗಿಂತ ಸುಸ್ತಾಗಿ ಬಂದಿರುತ್ತೆ. ಬಂಗುಡೆ ಆಸೆ ಊರಿಗೆ ಹೋದಾಗ ತೀರಿಸಿಕೊಳ್ರಿ, ಇಲ್ಲಿ ಕುರಿ ಮಾಂಸ ತಿನ್ರಿ. ಬಯಲುಸೀಮೆ ಕುರಿ, ಮುದ್ದೆ, ಮಿಲ್ಟ್ರಿ ಹೋಟೆಲು.

ಹರಿಹರದವರು:
ಭಾನುವಾರಕ್ಕೆ ನಮ್ಮೂರು ಬರ್ರಿ, ಬರೀ 14 ಕಿ.ಮೀ. ಹರಿಹರೇಶ್ವರ ದೇವಸ್ಥಾನ 1224ರದ್ದು, ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಮೂರ್ತಿ ಅರ್ಧ ಹರ, ಅರ್ಧ ಹರಿ. ಯಾವ ಕೈಯಲ್ಲಿ ಯಾರ ಆಯುಧ ಅಂತ ಹುಡುಕೋಕೆ ಮಕ್ಕಳಿಗೆ ಹೇಳಿ, ಅರ್ಧ ಗಂಟೆ ಸದ್ದಿಲ್ಲದೆ ಕಳೆಯುತ್ತೆ. ಮಂಟಪದ ಕಂಬಗಳಲ್ಲಿ ಮುಖ ಕಾಣೋ ಹಂಗೆ ನುಣುಪು. ಬೆಳಿಗ್ಗೆ ಬೇಗ ಬಂದ್ರೆ ಜನ ಕಮ್ಮಿ. ಪಕ್ಕದಲ್ಲೇ ತುಂಗಭದ್ರೆ. ಮಳೆಗಾಲ ಮುಗಿದ ಮೇಲೆ ಹೊಳೆ ನೋಡೋಕೆ ಚೆಂದ, ಬೇಸಿಗೇಲಿ ಕಲ್ಲು ಎಣಿಸಬಹುದು. ನೀರಿಗೆ ಮಾತ್ರ ಇಳಿಬೇಡಿ. ಕೊಂಡಜ್ಜಿ ಕೆರೆ, ಗುಡ್ಡನೂ ಹತ್ತಿರ, ಬುತ್ತಿ ಕಟ್ಟಿಕೊಂಡು ಹೋಗೋ ಜಾಗ.

ಚೌಕಿಪೇಟೆಯವರು:
ಹರಿಹರ ಸರಿ. ಆದ್ರೆ ಒಂದೇ ಒಂದು ಜಾಗ ಹೇಳು ಅಂದ್ರೆ ನಾನು ಹೇಳೋದು ಸಂತೇಬೆನ್ನೂರು ಪುಷ್ಕರಣಿ. ಚನ್ನಗಿರಿ ತಾಲ್ಲೂಕು. 16ನೇ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಕೊಳ. ನಡುವೆ ನೀರಲ್ಲಿ ವಸಂತ ಮಂಟಪ, ಸುತ್ತ ಮೆಟ್ಟಿಲು, ಎದುರಿಗೆ ಮುಸಾಫಿರ್‌ಖಾನೆ, ಅಂದ್ರೆ ದಾರಿಹೋಕರು ತಂಗೋ ಕಟ್ಟಡ. ಒಂದು ಅಂಗಳದಲ್ಲಿ ಎರಡು ಬಗೆ ಕಟ್ಟಡ ಕಲೆ ಎದುರುಬದುರು ನಿಂತಿರೋದು. ಗಾಜಿನ ಮನೆಗೆ ಹೋಗೋರಲ್ಲಿ ಕಾಲುಭಾಗ ಜನನೂ ಇಲ್ಲಿಗೆ ಬರಲ್ಲ ಅನ್ನೋದು ನನಗೆ ಹೊಟ್ಟೆ ಉರಿ. ಮೆಟ್ಟಿಲು ಕಡಿದು, ಕಂಬಿ ಇಲ್ಲ, ಚಿಕ್ಕ ಮಕ್ಕಳ ಕೈ ಹಿಡಿದಿರಬೇಕು.

ಅಲ್ಲಿಂದ ಸೂಳೆಕೆರೆ, ಅಂದ್ರೆ ಶಾಂತಿಸಾಗರ, ಒಂದೇ ದಿನದಲ್ಲಿ ಆಗುತ್ತೆ. ಆ ನೀರು ನೋಡಿದ್ರೆ ಕಡಲ ಕಡೆಯೋರಿಗೂ ಒಂದು ಕ್ಷಣ ಸಮಾಧಾನ ಆಗುತ್ತೆ. ಮಳೆ ಚೆನ್ನಾಗಿ ಆದ ವರ್ಷ, ಅಕ್ಟೋಬರಿಂದ ಜನವರಿ ಒಳಗೆ ಹೋಗ್ರಿ. ತಿನ್ನೋಕೆ ದಾರೀಲಿ ಹೆಚ್ಚೇನೂ ನಂಬಬೇಡಿ, ಮನೇಲಿ ಚಿತ್ರಾನ್ನ ಕಲಸಿ ಒಯ್ಯೋದೇ ವಾಸಿ.

ಚಿತ್ರದುರ್ಗದ ಕೋಟೆಗೆ ಹೆದ್ದಾರೀಲಿ ಸುಮಾರು 60 ಕಿ.ಮೀ. ಚಳಿಗಾಲದಲ್ಲಿ ಮಾತ್ರ, ಅದೂ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ. ಓಬವ್ವನ ಕಿಂಡಿವರೆಗೆ ಮಕ್ಕಳು ಓಡ್ತಾರೆ. ಮೇಲೆ ಏರೋದು ಅಮ್ಮನವರಿಗೆ ಕಷ್ಟ, ಕೆಳಗಿನ ಬಾಗಿಲುಗಳನ್ನ ನೋಡಿ ನೆರಳಲ್ಲಿ ಕೂರ್ಲಿ. ಹನ್ನೊಂದು ಗಂಟೆ ಆದ ಮೇಲೆ ಆ ಬಂಡೆ ಕಾವು ನಮ್ಮೂರ ಕಾವಲಿಗಿಂತ ಕಮ್ಮಿ ಇರಲ್ಲ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಇವತ್ತು ಬೆಳಿಗ್ಗೆ ಏಳೂವರೆಗೆ ಹೋಗಿ ಒಂದೊಂದೇ ತರಿಸಿ ತಿಂದೆ. ಮಧ್ಯಾಹ್ನ ಊಟ ಬೇಡವಾಯಿತು. ಇನ್ನೊಂದು ಪ್ರಶ್ನೆ: ದುಗ್ಗಮ್ಮನ ಜಾತ್ರೆ ಅಂತ ಆಫೀಸಿನಲ್ಲಿ ಈಗಲೇ ಮಾತಾಡುತ್ತಿದ್ದಾರೆ. ಪರಊರಿನವರು ಹೋಗಬಹುದೇ?

ವಿದ್ಯಾನಗರದ ಗೃಹಿಣಿ:
ಹೋಗಬಹುದೇ ಅಂತ ಕೇಳ್ತೀರಲ್ಲ! ಎರಡು ವರ್ಷಕ್ಕೊಮ್ಮೆ, ಬೇಸಿಗೆ ಶುರುವಾಗೋ ಹೊತ್ತಿಗೆ ಬರುತ್ತೆ. ಹಳೇ ಪೇಟೆ ಕಡೆ ಮನೆಮನೆಗೂ ನೆಂಟರು. ಯಾರಾದ್ರೂ "ಹಬ್ಬಕ್ಕೆ ಬರ್ರಿ" ಅಂದ್ರೆ ಅದು ಬಾಯಿಮಾತಲ್ಲ, ನಿಜವಾಗ್ಲೂ ಎಲೆ ಹಾಕಿರ್ತಾರೆ. ನೀವು ಮಾಂಸ ತಿನ್ನದಿದ್ರೆ ಮೊದಲೇ ಹೇಳಿ, ಹೋಳಿಗೆ ಮಾಡಿಡ್ತಾರೆ.

ಚೌಕಿಪೇಟೆಯವರು:
ನಮ್ಮನೆಗೂ ಬರ್ರಿ ಸಾರ್, ಚೌಕಿಪೇಟೆ ದೂರ ಏನಲ್ಲ. ಕಾರು ಮಾತ್ರ ತರಬೇಡಿ. ಜಾತ್ರೆ ವಾರ ಪೇಟೆಗೆ ಗಾಡಿ ತಂದ್ರೆ ಊಟದ ಹೊತ್ತೆಲ್ಲ ಹೊಂಡದ ಸರ್ಕಲಲ್ಲೇ ಕಳೀತೀರಿ. ಆಟೋಲಿ ಬಂದು ಗಡಿಯಾರ ಕಂಬದ ಹತ್ರ ಇಳಿದು ಫೋನ್ ಮಾಡ್ರಿ, ಹುಡುಗನ್ನ ಕಳಿಸ್ತೀನಿ.