ಮಿಂಚಿನ ಗುರುತಿನ ದೀಪ, ಪಿಕಪ್ಪೇ ಇಲ್ಲ: ಥ್ರಾಟಲ್ ಬಾಡಿ ಬದಲಿಸಬೇಕಾ?

ದಾವಣಗೆರೆಯವ:
ನಮಸ್ಕಾರ. ಏಳು ವರ್ಷ ಹಳೆಯ ಪೆಟ್ರೋಲ್ ಕಾರು. ಹೋದ ಭಾನುವಾರ ದುರ್ಗಕ್ಕೆ ಹೊರಟಿದ್ದೆ. ಭರಮಸಾಗರ ದಾಟುತ್ತಿದ್ದಂತೆ ಮೀಟರ್‌ನಲ್ಲಿ ಮಿಂಚಿನ ಗುರುತಿನ ದೀಪ ಹತ್ತಿತು, ಜೊತೆಗೆ ಚೆಕ್ ಎಂಜಿನ್. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ 40 ದಾಟಲ್ಲ. ಹಿಂದೆ ಲಾರಿಯವನ ಹಾರ್ನ್ ಬೇರೆ. ಎಡಕ್ಕೆ ಹಾಕಿ, ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡಿತು. ಸ್ವಲ್ಪ ದೂರಕ್ಕೆ ಮತ್ತೆ ಅದೇ ಕಥೆ.

ಗ್ಯಾರೇಜಿನಲ್ಲಿ ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಕ್ಲೀನ್ ಮಾಡಿಸಿದೆ. ಎರಡು ದಿನ ಸುಮ್ಮನಿತ್ತು. ಈಗ ಹೊಸದೇ ಹಾಕಿಸಿ ಅಂತಾರೆ. ಬೆಲೆ ಕೇಳಿ ತಲೆ ತಿರುಗಿತು. ಹಾಕಿಸಲಾ?

ದುರ್ಗದ ಸ್ಪ್ಯಾನರ್:
ತಡೀರಿ ಸರ್, ದುಡ್ಡು ಬಿಚ್ಚಬೇಡಿ. ಗಾಡಿಯ ಕಂಪ್ಯೂಟರ್ ಬರೆದಿಟ್ಟಿರುವ ದೋಷದ ಕೋಡ್ ಓದಿಸಿದರಾ? ಈ ಗಾಡಿಗಳಲ್ಲಿ ಆಕ್ಸಿಲರೇಟರ್ ಕೇಬಲ್ ಇರಲ್ಲ. ಕಾಲು ಎಷ್ಟು ಒತ್ತಿದೆ ಅಂತ ಪೆಡಲ್‌ನಲ್ಲಿರುವ ಎರಡು ಸೆನ್ಸರ್ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಆ ಕಂಪ್ಯೂಟರ್‌ಗೆ, ಹೇಳುತ್ತವೆ. ಥ್ರಾಟಲ್ ಬಾಡಿಯಲ್ಲೂ ಹಾಗೇ ಎರಡು. ಜೋಡಿಯ ಲೆಕ್ಕ ತಾಳೆ ಆಗದಿದ್ದರೆ ಇಸಿಯು ಎರಡನ್ನೂ ನಂಬಲ್ಲ, ಪವರ್ ಕಟ್ ಮಾಡಿ, ಮೆಲ್ಲಗೆ ಮಾತ್ರ ಓಡುವ ಲಿಂಪ್ ಮೋಡ್‌ಗೆ ಹಾಕುತ್ತದೆ. ದೀಪ ಒಂದೇ, ಕಾರಣ ಹತ್ತು.

ಕೋಡ್ ಓದಿ ಫೋನಿನ ಆ್ಯಪ್‌ನಲ್ಲಿ ತೋರಿಸುವ ಬ್ಲೂಟೂತ್ ಒಬಿಡಿ ಡಾಂಗಲ್ ಸಾಕು, ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿ. ಪಿ2135 ಬಂದರೆ ಥ್ರಾಟಲ್ ಕಡೆ, ಪಿ2138 ಬಂದರೆ ಪೆಡಲ್ ಕಡೆ. ಹಾಗೇ ಬ್ಯಾಟರಿ ವೋಲ್ಟೇಜೂ ನೋಡಿ: ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು.

ದಾವಣಗೆರೆಯವ:
ಪಿ2138! ಬ್ಯಾಟರಿ 14.1. ಹಾಗಾದರೆ ಕ್ಲೀನ್ ಮಾಡಿಸಿದಾಗ ಸರಿಹೋಗಿದ್ದು ಹೇಗೆ?

ದುರ್ಗದ ಸ್ಪ್ಯಾನರ್:
ಬ್ಯಾಟರಿ ಕನೆಕ್ಷನ್ ಬಿಚ್ಚಿ ಹಾಕಿರುತ್ತಾರೆ, ಕೋಡ್ ಅಳಿಸಿ ಹೋಗಿರುತ್ತೆ. ಇಲ್ಲಾ ಕೈ ಆಡಿಸುವಾಗ ವೈರ್ ಸ್ವಲ್ಪ ಸರಿದಿರಬೇಕು. ಈಗ ಇಗ್ನಿಷನ್ ಮಾತ್ರ ಆನ್ ಮಾಡಿ, ಎಂಜಿನ್ ಬೇಡ. ಒಬ್ಬರು ಪೆಡಲ್ ನಿಧಾನ ಒತ್ತಲಿ, ನೀವು ಆ್ಯಪ್‌ನಲ್ಲಿ ಎರಡೂ ರೀಡಿಂಗ್ ನೋಡಿ. ಸುಮಾರು ಗಾಡಿಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಅರ್ಧ ಇರುತ್ತದೆ. ಏರುವಾಗ ಎರಡೂ ಜೊತೆಯಾಗೇ ಏರಬೇಕು. ಆಮೇಲೆ ಪೆಡಲ್ ಕನೆಕ್ಟರ್‌ನಿಂದ ಇಸಿಯುವರೆಗೆ ವೈರಿಂಗ್ ಅಲ್ಲಾಡಿಸುತ್ತಾ ಬನ್ನಿ. ಅಂದಹಾಗೆ, ಮನೆ ಹತ್ತಿರ ಇಲಿ ಕಾಟ ಇದೆಯಾ?

ದಾವಣಗೆರೆಯವ:
ಸರ್, ಇಲಿನೇ! ಪಕ್ಕದಲ್ಲೇ ಮೆಕ್ಕೆಜೋಳದ ಗೋದಾಮು. ಬ್ಯಾಟರಿ ಪಕ್ಕದ ವೈರಿಂಗ್ ಮುಟ್ಟಿದ ತಕ್ಷಣ ಒಂದು ರೀಡಿಂಗ್ ದಬಕ್ ಅಂತ ಸೊನ್ನೆಗೆ ಬಿತ್ತು. ಟೇಪ್ ಬಿಚ್ಚಿದರೆ ಪೆಡಲ್‌ನಿಂದ ಬರುವ ಆರು ವೈರ್‌ಗಳಲ್ಲಿ ಒಂದು ಅರ್ಧ ಕಡಿದಿದೆ. ಎರಡೇ ಎಳೆ ತಾಮ್ರ ಹಿಡಿದುಕೊಂಡಿತ್ತು, ಅದೂ ಹಸಿರು ಬಂದು. ಕೆಳಗೆ ಜೋಳದ ಸಿಪ್ಪೆ! ಬ್ಯಾಟರಿ ನೆಗೆಟಿವ್ ಬಿಚ್ಚಿ, ಬೆಸುಗೆ ಹಾಕಿಸಿ, ಸ್ಲೀವ್ ಏರಿಸಿ, ಕೋಡ್ ಅಳಿಸಿದೆ. ದುರ್ಗಕ್ಕೆ ಹೋಗಿ ಬಂದೆ, ದೀಪ ಹತ್ತಲಿಲ್ಲ. ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿದರೆ ಇಲಿ ಬರಲ್ಲ ಅಂತಾರೆ, ನಿಜಾನಾ?

ದುರ್ಗದ ಸ್ಪ್ಯಾನರ್:
ವಾಸನೆ ಇರೋತನಕ ಅಷ್ಟೇ. ಕಟ್ಟುವುದಾದರೆ ಎಕ್ಸಾಸ್ಟ್‌ನಿಂದ ದೂರ ಕಟ್ಟಿ, ಒಣಗಿದ ಸೊಪ್ಪು ಬೆಂಕಿ ಹಿಡಿದೀತು. ಆ ಸಿಪ್ಪೆ ಮೊದಲು ಗುಡಿಸಿ ಹಾಕಿ, ಇಲ್ಲಾಂದ್ರೆ ಇಲಿ ಇವತ್ತೇ ರಾತ್ರಿ ಊಟಕ್ಕೆ ಬರುತ್ತೆ.