ಸಹಾಯ ಬೇಕು: ಸ್ಪೋರ್ಟ್ಸ್ ಕಾರಿನ ಎಡ ಹಿಂಚಕ್ರದ ಹತ್ತಿರ ಕಟಕಟ

ಎರಡು ಬಾಗಿಲಿನ ಗಾಡಿ, ಹಿಂದೆ ಮಲ್ಟಿಲಿಂಕ್ ಸಸ್ಪೆನ್ಷನ್ (ಪ್ರತಿ ಚಕ್ರವನ್ನೂ ಹಲವು ತೋಳುಗಳು ಹಿಡಿದಿರುವ ಬಗೆ), 62,000 ಕಿ.ಮೀ. ಓಡಿದೆ. ಚಿಕ್ಕಮಗಳೂರಿಂದ ಕೈಮರದ ಕಡೆ ಕಿತ್ತುಹೋದ ಡಾಂಬರಿನ ಮೇಲೆ 20–30 ಸ್ಪೀಡಿನಲ್ಲಿ ಕಟಕಟ. ಹಂಪ್ ಇಳಿಯುವಾಗ ಒಂದೇ ಸಲ ‘ಟಕ್’. ನುಣುಪು ರಸ್ತೆಯಲ್ಲಿ 80ಕ್ಕೂ ಸದ್ದಿಲ್ಲ.

ಡಿಕ್ಕಿಯಿಂದ ಜಾಕಿ, ಪಾನ, ಸ್ಪೇರ್ ವೀಲ್ ಎಲ್ಲ ಇಳಿಸಿ ನೋಡಿದ್ದಾಯ್ತು (ಎಷ್ಟೋ ಗಾಡಿಗಳ ‘ಸಸ್ಪೆನ್ಷನ್ ಸದ್ದು’ ಇಲ್ಲೇ ಮುಗಿಯುತ್ತೆ!). ಬ್ರೇಕ್ ಮೆಲ್ಲಗೆ ಒತ್ತಿಕೊಂಡೇ ಓಡಿಸಿದರೂ ಸದ್ದು ನಿಲ್ಲಲಿಲ್ಲ, ಹಾಗಾಗಿ ಪ್ಯಾಡ್ ಅಲುಗಾಟ ಅಲ್ಲ. ಆಂಟಿರೋಲ್ ಬಾರ್ (ತಿರುವಿನಲ್ಲಿ ಗಾಡಿ ವಾಲುವುದನ್ನು ಕಡಿಮೆ ಮಾಡುವ ಸರಳು) ಲಿಂಕ್ ಎರಡೂ ಕಡೆ ಬಿಚ್ಚಿ, ಬಾರನ್ನು ತಂತಿಯಲ್ಲಿ ಕಟ್ಟಿ ನಿಧಾನ ಓಡಿಸಿದಾಗಲೂ ಅದೇ ಕತೆ. ಸೈಲೆನ್ಸರ್ ರಬ್ಬರ್ ಗಟ್ಟಿಯಿದೆ.

ಈಗ ಅನುಮಾನ ಶಾಕ್ ಅಬ್ಸಾರ್ಬರ್‌ನ ಟಾಪ್ ಮೌಂಟ್ (ಶಾಕ್‌ನ ಮೇಲ್ತುದಿಯನ್ನು ಬಾಡಿಗೆ ಹಿಡಿಸುವ ಭಾಗ) ಮೇಲೆ. ಒಬ್ಬರು ಹಿಂಭಾಗ ಕುಲುಕುವಾಗ ಡಿಕ್ಕಿಯ ಒಳಗಿನಿಂದ ಮೌಂಟ್ ಮೇಲೆ ಕೈಯಿಟ್ಟರೆ ಎಡಗಡೆ ಸಣ್ಣ ಹೊಡೆತ ಬೆರಳಿಗೆ ತಾಗುತ್ತೆ, ಬಲಗಡೆ ಇಲ್ಲ. ಹಿಂದೆ ಒಂದು ಗ್ಯಾರೇಜಿನಲ್ಲಿ ಶಾಕ್ ಬದಲಿಸುವಾಗ ಅದರ ರಾಡ್ ಹಿಡಿಯದೆ ಏರ್ ಗನ್‌ನಲ್ಲೇ ನಟ್ ತಿರುಗಿಸಿದ್ದರು. ಹಾಗೆ ಮಾಡಿದರೆ ರಾಡ್ ಜೊತೆಗೇ ಸುತ್ತಿ, ನಟ್ ಪೂರ್ತಿ ಕೂರದೇ ಇರಬಹುದು.

ಕೇಳಬೇಕಾದ್ದು: ಮೌಂಟ್ ಒಂದೇ ಕಡೆ ಹಾಕಿದರೆ ಸಾಕಾ, ಜೋಡಿಯೇ ಬೇಕಾ? ಲೋವರ್ ಆರ್ಮ್ ಬುಷ್‌ನಲ್ಲಿ (ಚಕ್ರ ಹಿಡಿದಿರುವ ಕೆಳತೋಳಿನ ಕೀಲಿನ ರಬ್ಬರ್) ಕೂದಲೆಳೆಯ ಬಿರುಕಿದೆ. ಅದೂ ‘ಟಕ್’ ಅನ್ನುತ್ತಾ? ಬುಷ್ ಹಾಕಿದರೆ ಚಕ್ರ ನೆಲದ ಮೇಲಿದ್ದ ಎತ್ತರದಲ್ಲೇ ಬೋಲ್ಟ್ ಬಿಗಿಮಾಡುವವರು ಬೇಕು. ಚಕ್ರ ನೇತಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತೆ. ಹಾಸನ, ಚಿಕ್ಕಮಗಳೂರಿನಲ್ಲಿ ಟಾರ್ಕ್ ರೆಂಚ್ (ಎಷ್ಟು ಬಿಗಿಯಬೇಕೋ ಅಷ್ಟೇ ಅಳೆದು ಬಿಗಿಯುವ ಪಾನ) ಇಟ್ಟುಕೊಂಡು ಕೆಲಸ ಮಾಡುವ, ಹಿಂಚಕ್ರದ ಅಲೈನ್‌ಮೆಂಟನ್ನೂ ನೋಡುವ ಜಾಗ ಗೊತ್ತಿದ್ದರೆ ತಿಳಿಸಿ.