ಎಚ್‌ಗಿಂತ ಎಲ್‌ಎಲ್ ಕಾಂಡ್ರೈಟ್‌ನಲ್ಲಿ ಐರನ್ ಆಕ್ಸೈಡ್ ಜಾಸ್ತಿ ಇದೆಯಲ್ಲ, ಹೇಗೆ?

ಬಾನಾಡಿ_ಕಲ್ಲು:
ಎಲ್ಲರಿಗೂ ನಮಸ್ಕಾರ. ಕಲ್ಲಿನ ಉಲ್ಕಾಶಿಲೆಗಳ ಬಗ್ಗೆ ಓದ್ತಾ ಓದ್ತಾ ಒಂದು ಕಡೆ ಸಿಕ್ಕಾಕೊಂಡಿದೀನಿ. ಆರ್ಡಿನರಿ ಕಾಂಡ್ರೈಟ್‌ಗಳಲ್ಲಿ (ಒಳಗೆ ಕಾಂಡ್ರೂಲ್ ಅನ್ನೋ ಸಣ್ಣ ಗುಂಡು ಕಣಗಳಿರೋ ಸಾಮಾನ್ಯ ಉಲ್ಕಾಶಿಲೆಗಳು) ಎಚ್ ಅಂದ್ರೆ ಕಬ್ಬಿಣ ಜಾಸ್ತಿ, ಎಲ್ ಅಂದ್ರೆ ಕಮ್ಮಿ, ಎಲ್‌ಎಲ್ ಅಂದ್ರೆ ಇನ್ನೂ ಕಮ್ಮಿ, ಇಷ್ಟು ಸರಿ. ಆದ್ರೆ ಅನಾಲಿಸಿಸ್ ಟೇಬಲ್ ತೆಗೆದು ನೋಡಿದ್ರೆ ಐರನ್ ಆಕ್ಸೈಡ್ ಸಾಲಲ್ಲಿ ಎಚ್‌ಗೆ ಸುಮಾರು 10%, ಎಲ್‌ಗೆ 14%, ಎಲ್‌ಎಲ್‌ಗೆ 17% ಅಂತಿದೆ, ಪೂರ್ತಿ ಉಲ್ಟಾ! ಪ್ರಿಂಟ್ ಮಿಸ್ಟೇಕ್ ಇರ್ಬೋದು ಅಂದ್ರೆ ಬೇರೆ ಟೇಬಲ್‌ನಲ್ಲೂ ಹಾಗೇ ಇದೆ. ಯಾರಾದ್ರೂ ಬಿಡಿಸಿ ಹೇಳ್ತೀರಾ?

ಖನಿಜಪ್ರಿಯ:
ಟೇಬಲ್ ಸರಿಯಾಗೇ ಇದೆ ಸರ್. ನೀವು ನೋಡ್ತಿರೋದು ಕಬ್ಬಿಣದ ಮೂರು ಭಾಗದಲ್ಲಿ ಒಂದು ಭಾಗ ಅಷ್ಟೇ. ಈ ಕಲ್ಲುಗಳಲ್ಲಿ ಕಬ್ಬಿಣ ಮೂರು ಕಡೆ ಕೂತಿರುತ್ತೆ: ನಿಕ್ಕಲ್ ಜೊತೆ ಸೇರ್ಕೊಂಡು ಬರೀ ಲೋಹವಾಗಿ, ಗಂಧಕದ ಜೊತೆ ಟ್ರಾಯ್ಲೈಟ್ ಆಗಿ, ಆಮೇಲೆ ಆಕ್ಸಿಜನ್ ಹಿಡ್ಕೊಂಡು ಆಲಿವಿನ್, ಪೈರಾಕ್ಸಿನ್ ಅನ್ನೋ ಸಿಲಿಕೇಟ್ ಖನಿಜಗಳ ಒಳಗೆ. ಟೇಬಲ್‌ನವರು ಐರನ್ ಆಕ್ಸೈಡ್ ಅಂತ ಬರೆಯೋದು ಈ ಕೊನೇದನ್ನ.

ಲೆಕ್ಕ ಹಾಕಿ ನೋಡಿ. ಎಚ್‌ನಲ್ಲಿ ಲೋಹದ ಕಬ್ಬಿಣ ಸರಾಸರಿ 16%. ಐರನ್ ಆಕ್ಸೈಡ್ 10.3%, ಅದರಲ್ಲಿ ಆಕ್ಸಿಜನ್ ತೂಕ ಕಳೆದ್ರೆ ಕಬ್ಬಿಣ 8%. ಟ್ರಾಯ್ಲೈಟ್ 5.4%, ಅದರಲ್ಲಿ ಕಬ್ಬಿಣ 3.4%. ಕೂಡಿದ್ರೆ 27 ಚಿಲ್ಲರೆ. ಎಲ್‌ಎಲ್‌ಗೆ ಬನ್ನಿ, ಲೋಹ ಬರೀ 2.4%, ಆಕ್ಸೈಡ್ 17.4% ಅಂದ್ರೆ ಕಬ್ಬಿಣ 13.5%, ಟ್ರಾಯ್ಲೈಟಿಂದ 3.7%, ಒಟ್ಟು ಇಪ್ಪತ್ತರ ಒಳಗೇ ನಿಲ್ಲುತ್ತೆ. ಹೆಸರಲ್ಲಿರೋ ಎಚ್, ಎಲ್ ಈ ಒಟ್ಟು ಮೊತ್ತಕ್ಕೆ. ಗಂಧಕದ ಪಾಲು ಮೂರರಲ್ಲೂ ಹತ್ರಹತ್ರ ಒಂದೇ ನೋಡಿ, ಆಟ ಎಲ್ಲಾ ಲೋಹಕ್ಕೂ ಆಕ್ಸೈಡ್‌ಗೂ ನಡುವೆ. ಇನ್ನುಳಿದಿದ್ದು ಸಿಲಿಕಾ 36ರಿಂದ 41%, ಮೆಗ್ನೀಷಿಯಾ 23ರಿಂದ 25%, ಅದ್ರಲ್ಲಿ ಅಂಥಾ ವಿಶೇಷ ಏನಿಲ್ಲ.

ಬಾನಾಡಿ_ಕಲ್ಲು:
ಓಹ್ ಸೂಪರ್, ಕೂಡಿ ನೋಡಿದೆ, ಎಲ್‌ಗೆ ಸುಮಾರು 22 ಬಂತು. ಹಾಗಾದ್ರೆ ಎಲ್‌ಎಲ್ ಅಂದ್ರೆ ಎಚ್ ಕಲ್ಲೇ ಆಕ್ಸಿಜನ್ ಜಾಸ್ತಿ ಕುಡಿದು ಹಿಂಗಾಗಿದ್ದಾ?

ಶಿಲಾಬಾಲಕ:
ನೂರು ವರ್ಷದ ಹಿಂದೆ ಬಹುತೇಕ ಹಂಗೇ ಅಂದ್ಕೊಂಡಿದ್ರು. ಬ್ರಿಟಿಷ್ ಖನಿಜತಜ್ಞ ಜಾರ್ಜ್ ಪ್ರಯರ್ 1916ರಲ್ಲಿ ಒಂದು ಚೆಂದದ ನಿಯಮ ಕಂಡ್ಕೊಂಡ: ಕಾಂಡ್ರೈಟ್‌ನಲ್ಲಿ ಲೋಹ ಕಮ್ಮಿ ಆದಷ್ಟೂ ಆ ಲೋಹದಲ್ಲಿ ನಿಕ್ಕಲ್ ಅಂಶ ಏರುತ್ತೆ, ಸಿಲಿಕೇಟ್‌ನಲ್ಲಿ ಕಬ್ಬಿಣ ಏರುತ್ತೆ. ಕಾರಣ ಸಿಂಪಲ್, ಆಕ್ಸಿಜನ್ ಸಿಕ್ಕಿದಾಗ ಕಬ್ಬಿಣ ಮೊದಲು ಓಡೋಗಿ ಸೇರ್ಕೊಳ್ಳುತ್ತೆ, ನಿಕ್ಕಲ್ ಜಗ್ಗಲ್ಲ, ಲೋಹದಲ್ಲೇ ಉಳ್ಕೊಳ್ಳುತ್ತೆ. ಅದೇ ಅನಾಲಿಸಿಸ್ ಟೇಬಲ್‌ನಲ್ಲೇ ನೋಡಿ, ಎಚ್ ಲೋಹದಲ್ಲಿ ನಿಕ್ಕಲ್ ಹತ್ತರಲ್ಲಿ ಒಂದು ಪಾಲು, ಎಲ್‌ಎಲ್‌ನಲ್ಲಿ ಹತ್ತಿರ ಹತ್ತಿರ ಮೂರು ಪಾಲು.

ಆದ್ರೆ ಬರೀ ಆಕ್ಸಿಡೇಶನ್ ಆಗಿದ್ರೆ ಒಟ್ಟು ಕಬ್ಬಿಣ ಬದಲಾಗ್ಬಾರ್ದಲ್ವಾ? 27 ಹೋಗಿ 20 ಆಗೋಕೆ ಕಬ್ಬಿಣ ಎಲ್ಲಿಗೆ ಹೋಯ್ತು? 1953ರಲ್ಲಿ ಯೂರಿ ಮತ್ತು ಕ್ರೇಗ್ ಅನ್ನೋ ವಿಜ್ಞಾನಿಗಳು ಹಳೇ ಅನಾಲಿಸಿಸ್‌ಗಳನ್ನೆಲ್ಲ ಜರಡಿ ಹಿಡಿದು, ಒಟ್ಟು ಕಬ್ಬಿಣದಲ್ಲೇ ಎರಡು ಬೇರೆ ಬೇರೆ ಗುಂಪು ಇದೆ ಅಂತ ತೋರಿಸಿದ್ರು. ಅಂದ್ರೆ ಮೂಲದಲ್ಲೇ ಲೋಹ ಬೇರೆ ಬೇರೆ ಪ್ರಮಾಣದಲ್ಲಿ ಸೇರಿತ್ತು, ಆಕ್ಸಿಜನ್ ಕಥೆ ಅದರ ಜೊತೆಗೆ ಇನ್ನೊಂದು. ಈಗ ಇವನ್ನ ಬೇರೆ ಬೇರೆ ಕ್ಷುದ್ರಗ್ರಹದ ಚೂರುಗಳು ಅಂತಲೇ ನೋಡ್ತಾರೆ. ಜಪಾನಿನ ಹಯಾಬುಸ ನೌಕೆ 2010ರಲ್ಲಿ ಇಟೊಕಾವಾ ಕ್ಷುದ್ರಗ್ರಹದಿಂದ ತಂದ ಧೂಳು ಎಲ್‌ಎಲ್‌ಗೆ ಹೊಂದ್ತು.

ಗುರುತ್ವ_ಗುಂಡ:
ಮಧ್ಯದಲ್ಲಿ ಬಾಯಿ ಹಾಕ್ತೀನಿ. ಎಕ್ಸ್‌ಆರ್‌ಎಫ್ ಗನ್ (ಎಕ್ಸ್‌ರೇ ಬಿಟ್ಟು ಕಲ್ಲಲ್ಲಿ ಯಾವ ಧಾತು ಇದೆ ಅಂತ ಹೇಳೋ ಕೈಯಂತ್ರ) ಹಿಡಿದು ನಿಕ್ಕಲ್ ಬರ್ಲಿಲ್ಲ ಅಂದ್ರೆ ಉಲ್ಕೆ ಅಲ್ಲ ಅಂತ ಎಸೆದುಬಿಡ್ಬೋದಾ?

ಖನಿಜಪ್ರಿಯ:
ಕಾಂಡ್ರೈಟ್ ಅಂತ ಅನುಮಾನ ಇದ್ರೆ ಸರಿ, ಅದ್ರಲ್ಲಿ ಒಟ್ಟಾರೆ 1%ಗಿಂತ ಜಾಸ್ತಿ ನಿಕ್ಕಲ್ ಇರಲೇಬೇಕು. ಆದ್ರೆ ಅಕಾಂಡ್ರೈಟ್‌ಗೆ, ಅಂದ್ರೆ ಕಾಂಡ್ರೂಲ್ ಇಲ್ಲದ ಕಲ್ಲಿನ ಉಲ್ಕೆಗೆ, ಈ ರೂಲ್ ನಡೆಯಲ್ಲ. ವೆಸ್ಟಾ ಅನ್ನೋ ಕ್ಷುದ್ರಗ್ರಹದಿಂದ ಬಂದವು ಅಂತಾರಲ್ಲ ಯುಕ್ರೈಟ್‌ಗಳು, ಅವು ಲಾವಾ ಗಟ್ಟಿಯಾದ ಕಲ್ಲು, ಅಲ್ಲಿ ಎಲ್ಲಾ ಕರಗಿದಾಗ ಲೋಹ ಕೆಳಗೆ ಇಳಿದು ನಿಕ್ಕಲ್ ಕೂಡ ಎಳ್ಕೊಂಡು ಹೋಗಿದೆ, ಮೇಲೆ ಉಳಿದಿದ್ದರಲ್ಲಿ ನಿಕ್ಕಲ್ ಹುಡುಕಿದ್ರೆ ಎಲ್ಲಿಂದ ಬರ್ಬೇಕು. 1865ರಲ್ಲಿ ಬಿಹಾರದಲ್ಲಿ ಬಿದ್ದ ಶೇರ್ಘಾಟಿ ಕಲ್ಲು ಮಂಗಳ ಗ್ರಹದ್ದು, ಅದೂ ಅಷ್ಟೇ, ಆಯಸ್ಕಾಂತ ಹಿಡಿದು ಲೋಹ ಹುಡುಕಿದ್ರೆ ಏನೂ ಸಿಗಲ್ಲ. ಅಂದಹಾಗೆ ದಯವಿಟ್ಟು ಜೋರಾದ ಮ್ಯಾಗ್ನೆಟ್ ತಾಗಿಸ್ಬೇಡಿ, ಕಲ್ಲಲ್ಲಿ ಉಳಿದಿರೋ ಹಳೇ ಕಾಂತತ್ವ ಅಳಿಸಿ ಹೋಗುತ್ತೆ.

ಇನ್ನೊಂದು, ಲ್ಯಾಬ್‌ನವರು ಎಚ್‌ನಾ ಎಲ್‌ನಾ ಅಂತ ಹೇಳೋಕೆ ಸಾಮಾನ್ಯವಾಗಿ ಒಟ್ಟು ಕಬ್ಬಿಣ ಅಳೆಯೋಕೇ ಹೋಗಲ್ಲ. ಲೋಹ ತುಕ್ಕು ಹಿಡಿದಿರುತ್ತೆ, ಸಣ್ಣ ಚೂರಲ್ಲಿ ಒಂದು ದಪ್ಪ ಲೋಹದ ಕಣ ಬಂದ್ರೆ ಲೆಕ್ಕ ಕೆಟ್ಟೋಗುತ್ತೆ. ಆಲಿವಿನ್ ಹರಳಿನ ಮೇಲೆ ಮೈಕ್ರೋಪ್ರೋಬ್ (ಸಣ್ಣ ಚುಕ್ಕೆಯಷ್ಟು ಜಾಗದ ರಾಸಾಯನಿಕ ಅಂಶ ಅಳೆಯೋ ಯಂತ್ರ) ಬಿಟ್ಟು ಅದರ ಕಬ್ಬಿಣದ ಪಾಲು, ಅಂದ್ರೆ ಫಯಾಲೈಟ್, ಶೇಕಡಾ ಎಷ್ಟು ಅಂತ ನೋಡ್ತಾರೆ: 16ರಿಂದ 20 ಬಂದ್ರೆ ಎಚ್, 22ರಿಂದ 26 ಎಲ್, ಅದಕ್ಕೂ ಮೇಲೆ ಎಲ್‌ಎಲ್.

ಬಾನಾಡಿ_ಕಲ್ಲು:
ಹಾಗಾದ್ರೆ ಕಬ್ಬಿಣ ಕಮ್ಮಿ ಇರೋ ಕಲ್ಲಿಗೆ ಫಯಾಲೈಟ್ ಜಾಸ್ತಿ, ಈಗ ತಲೆ ಕೆಡ್ತಿಲ್ಲ 😄 ಕೊನೇದು, 2013ರಲ್ಲಿ ರಷ್ಯಾದಲ್ಲಿ ಬಿದ್ದ ಚೆಲ್ಯಾಬಿನ್ಸ್ಕ್ ಕಲ್ಲಿಗೆ ಎಲ್‌ಎಲ್5 ಅಂತಾರಲ್ಲ, ಆ 5 ಏನು?

ಶಿಲಾಬಾಲಕ:
ಅದು ಕಾವಿನ ನಂಬರ್, ಕಬ್ಬಿಣಕ್ಕೆ ಸಂಬಂಧ ಇಲ್ಲ. 3 ಅಂದ್ರೆ ಕಾಂಡ್ರೂಲ್‌ಗಳು ಅಚ್ಚುಕಟ್ಟಾಗಿ ಉಳಿದಿರೋದು, 6 ಅಂದ್ರೆ ತಾಯಿಕಲ್ಲಿನ (ಚೂರು ಒಡೆದು ಬಂದ ಮೂಲ ಕ್ಷುದ್ರಗ್ರಹದ) ಒಳಗೇ ಬೆಂದು ಗುಂಡುಗುಂಡು ಅಂಚೆಲ್ಲ ಮಸುಕಾಗಿರೋದು. 5ರಲ್ಲಿ ಕಾಂಡ್ರೂಲ್ ಕಾಣುತ್ತೆ, ಆದ್ರೆ ಗೆರೆ ಸ್ಪಷ್ಟ ಇರಲ್ಲ.